ಮೂರು ನಮೂನಿ ಬಿಳಿ

ನನ್ನ ಅಂಗಡ್ಯಾಗ ಮೂರು ನಮೂನಿ ಬಿಳಿ ಅವ.
ಒಂದು ಸುಣ್ಣದಂಥದ್ದು, ಅದು ಒಂದು ದೇಶಕ್ಕ.
ಇನ್ನೊಂದು ಜೋಳದ ಹಿಟ್ಟಿನಂಥದ್ದು, ಅದರ ಪಕ್ಕದ ದೇಶಕ್ಕ.
ಮೂರನೇದು ನನ್ನ ಹೆಂಡ್ತಿ ಹಳೇ ಸೀರಿ,
ತೊಳದೂ ತೊಳದೂ ಬೂದಿಗೆ ಹೊಳ್ಳಿದ್ದು.
ಯಾರು ಏನು ಕೇಳ್ತಾರ ತಿಳೀದಿದ್ದಾಗ
ಅದನ್ನೇ ಕಟ್ತೀನಿ.

ಕಲಬುರಗಿ ಸ್ಟೇಷನ್ ರೋಡು, ಮೆಟ್ಟಲ ಕೆಳಗಿನ ಖೋಲಿ.
ಈ ಸ್ಟೂಲ್ ಮ್ಯಾಲೆ ಕೂತವರು ದಮ್ಮಾಮಿಗೆ ಹೋಗ್ಯಾರ, ಕುವೈತಿಗೆ ಹೋಗ್ಯಾರ;
ನಾನು ಸೊಲ್ಲಾಪುರ ದಾಟಿಲ್ಲ.
ಆದ್ರ ಯಾವ ದೇಶಕ್ಕ ಮಾರಿ ಎಷ್ಟು ದೊಡ್ಡದಿರಬೇಕು,
ಯಾವುದಕ್ಕ ಕಿವಿ ಬೇಕು, ಯಾವುದಕ್ಕ ಚಷ್ಮಾ ಬ್ಯಾಡ,
ಸ್ಕೇಲ್ ಇಲ್ಲದ ಹೇಳ್ತೀನಿ.
ಹೇಳ್ತಿದ್ದೆ, ಅನ್ನಬೇಕೀಗ.
ಗ್ವಾಡಿಗೆ ಹಚ್ಚಿದ ನಿಯಮದ ಪಟ್ಟಿ ಮ್ಯಾಲೆ
ಗೀಟು ಹೊಡೆದೂ ಹೊಡೆದೂ
ಈಗ ಗೀಟಷ್ಟೇ ಓದಾಕ ಬರ್ತಾವ.
ನಗು ಮಾತ್ರ ಮೊದಲಿಂದಲೂ ಯಾರಿಗೂ ಬ್ಯಾಡ.

ಖಾಜಾಬೀ ಮೊದಲ ಸಲ ಬಂದಾಗ ಮಗಳಿಗೆ ಐದು ತಿಂಗಳು.
ಮಗಳಿರೋದು ಮಸ್ಕತ್ತಿನಾಗ; ಬಾಣಂತನಕ್ಕ ತಾಯಿ ಬೇಕು.
'ಕಿವಿ ಕಾಣಬೇಕಂತರೀ' ಅಂದೆ, ಗ್ವಾಡಿ ನೋಡ್ಕೋತ.
ಆಕಿ ಸೆರಗು ಎರಡು ಬೆರಳಷ್ಟು ಹಿಂದ ಸರಿಸಿದಳು,
ಒಲಿ ಮ್ಯಾಲಿನ ಮುಚ್ಚಳ ಸರಿಸಿ
ಬೆಂದದೋ ಇಲ್ಲೋ ನೋಡಿದಂಗ.
ಫ್ಲ್ಯಾಶ್ ಹೊಡೆದಾಗ ಕಣ್ಣು ಮುಚ್ಚಿದ್ದು ನಾನು.

ಏಳನೇ ತಿಂಗಳಿಗೆ ಕಾಗದ ಹೊಳ್ಳಿ ಬಂತು. ಕಾರಣದ ಜಾಗ ಖಾಲಿ.
ಏಜೆಂಟ್ ಮಕ್ಬೂಲ್ ಅಂದ: ಕಾಯ್ದೆ ಬದಲಾಗ್ಯಾದ.
ಹೈದರಾಬಾದಿನ ಕೌಂಟರ್ ಅಂತು: ಬದಲಾಗ್ಯಾದ ಖರೆ, ಜಾರಿ ಆಗಿಲ್ಲ.
ಫೋನಿನಾಗಿನ ಹುಡುಗಿ: ಜಾರಿ ಆಗ್ಯಾದ, ನಮಗ ತಿಳಿಸಿಲ್ಲ.
ಒಂದೇ ಹೆಸರಿದ್ದವರಿಗೆ ಇಲ್ಲಂತ. ಎರಡು ಬೇಕಂತ.
'ನಮ್ಮ ಮನ್ಯಾಗ ಹತ್ತಿ ಹಿಂಜತಿದ್ರು' ಅಂದಳು ಖಾಜಾಬೀ,
'ಓಣ್ಯಾಗ ಎಲ್ಲರೂ ಗಾದಿ ಖಾಜಾಬೀ ಅಂತಾರ.
ಅದನ್ನ ಬರದ್ರ ನಡೀತದೇನು?'

ಅದೇ ವಾರ ಶಹಾಬಾದಿನ ದಶರಥ,
ಹತ್ತೂ ಬೆರಳು ಮಷೀನಿಗೆ ಒತ್ತಿ ಬಂದಿದ್ದ.
ಇಪ್ಪತ್ತು ವರ್ಷ ಪರಸಿ ಕಲ್ಲು ತಿಕ್ಕಿದ ಬೆರಳು;
ಮಷೀನಿಗೆ ಗೆರಿ ಸಿಗಲಿಲ್ಲ.
'ಯಾರ ಪಡಸಾಲ್ಯಾಗ ಬಿದ್ದಾವೋ ನನ್ನ ಗೆರಿ' ಅಂತ ನಕ್ಕ.
ಫೋಟೋಕ್ಕ ಕೂತಾಗ ಆ ನಗು ಮಾರಿಯಿಂದ ಇಳೀಲಿಕ್ಕೆ
ಭಾಳ ಹೊತ್ತು ಹಿಡೀತು.
ಹುಮನಾಬಾದಿನ ನರ್ಸ್ ಸುವಾರ್ತಮ್ಮ ಕಾಗದ ತೋರಿಸಿದಳು:
ಟಿಕೆಟ್ ಇಲ್ಲದ ವೀಸಾ ಇಲ್ಲ, ಅಂತ ಮ್ಯಾಲೆ.
ವೀಸಾ ಆಗೋತನಕ ಟಿಕೆಟ್ ತಗೋಬ್ಯಾಡ್ರಿ, ಅಂತ ಕೆಳಗ.
ನಾನು ಎಂಟು ಪ್ರತಿ ಕೊಟ್ಟು ನಾಕಕ್ಕ ರೊಕ್ಕ ತಗೊಂಡೆ.

ಎರಡನೇ ಸಲ ಖಾಜಾಬೀ ಪರದೆ ಮುಟ್ಟಿ ನೋಡಿದಳು.
'ಇದು ಬಿಳಿ ಅಲ್ಲ ಭಾಯಿ.
ಜೇವರ್ಗಿ ಹತ್ತಿ ಹಿಂಜೋ ಹೊತ್ತಿಗೆ ಬಂದು ನೋಡು.'
ಆ ಫೋಟೋನೂ ಹೊಳ್ಳಿ ಬಂತು.

ಚಳಿಗಾಲದಾಗ ಕೂಸು ಹುಟ್ಟಿತು, ಅಜ್ಜಿ ಇಲ್ಲದ.
ಆಕಿ ಮೊಳದುದ್ದ ಗಾದಿ ಹೊಲ್ದು
ರಜಾಕ್ಕ ಬಂದಿದ್ದ ಓಣಿ ಹುಡುಗನ ಕೈಯಾಗ ಕಳಿಸಿದಳು.
ಗಾದಿಗೆ ಹೆಸರೆಷ್ಟು ಅಂತ ಯಾರೂ ಕೇಳಲಿಲ್ಲ.

ನಿನ್ನೆ ನನ್ನ ಫೋನಿಗೆ ಒಂದು ಚಿತ್ರ:
ಪಾಸ್‌ಪೋರ್ಟಿಗಂತ ಮ್ಯಾಲಿಂದ ತೆಗೆದದ್ದು,
ಕೂಸು ಆ ಗಾದಿ ಮ್ಯಾಲೆ ಅಂಗಾತ.
ಹಿಂದ ಬರೇ ಬಿಳಿ.
ಎರಡೂ ಕಿವಿ, ತೆರೆದ ಕಣ್ಣು, ನಗು ಇನ್ನೂ ಕಲ್ತಿಲ್ಲ.
ಒಂದೇ ಸಲಕ್ಕ ಪಾಸ್ ಆತಂತ.
ಪ್ರಿಂಟ್ ಕೊಟ್ಟಾಗ ಖಾಜಾಬೀ ಮೊದಲು ಮಾರಿ ನೋಡಲಿಲ್ಲ,
ಅಂಚಿನಾಗ ಕಂಡ ತನ್ನ ಹೊಲಿಗಿ ನೋಡಿದಳು.

ಆಮ್ಯಾಲೆ ಸ್ಟೂಲ್ ಎಳಕೊಂಡು ಕೂತು,
ಸೆರಗು ತಾನೇ ಸರಿಸಿ ಕೇಳಿದಳು:
'ಈ ಸಲ ಯಾವ ಬಿಳಿ?'
ನಾನು ಹೆಂಡ್ತಿ ಸೀರಿಯ ಎರಡೂ ತುದಿ
ಮೊಳಿಗೆ ಬಿಗಿದೆ.